ರ‍್ಯಾಂಕ್ ಬಂದ ಅಕ್ಕ ಮತ್ತೆ ಮೊದಲ ವರ್ಷಕ್ಕೆ

ಹೋದ ತಿಂಗಳು ನಮ್ಮ ಹೆರಿಗೆ ವಾರ್ಡಿಗೆ ಒಂದು ದೊಡ್ಡ ರಟ್ಟಿನ ಡಬ್ಬಿ ಬಂತು. ತರಬೇತಿಗೆ ಬರುವ ನರ್ಸಿಂಗ್ ಹುಡುಗಿಯರಿಗಾಗಿ ಕಳಿಸಿದ ಗೊಂಬೆ ಅದರಲ್ಲಿತ್ತು. ಆಗತಾನೆ ಹುಟ್ಟಿದ ಕೂಸಿನಷ್ಟೇ ಗಾತ್ರ, ಕೂಸಿನಷ್ಟೇ ಭಾರ. ಕತ್ತರಿಯಿಂದ ಪ್ಲಾಸ್ಟಿಕ್ ಹಾಳೆ ಸೀಳಿದ ಕೂಡಲೇ ಹೊಸ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು, ಚಪ್ಪಲಿ ಅಂಗಡಿಯೊಳಗೆ ಕಾಲಿಟ್ಟ ಹಾಗೆ. ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಈ ವಾಸನೆಯ ಸಂಗತಿಯನ್ನು ನನಗೆ ಬಹಳ ವರ್ಷಗಳ ಹಿಂದೆ ಒಬ್ಬಳು ಹೇಳಿದ್ದಳು...

ಅವಳು ಅಕ್ಕಿಆಲೂರಿನಲ್ಲಿ ನಮ್ಮ ಪಕ್ಕದ ಮನೆಯವಳು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇತ್ತ ನಮ್ಮವ್ವ ಸೀನುತ್ತಿದ್ದಳು. ಅವಳ ಅಪ್ಪ ಸಂತೆಯಿಂದ ಸಂತೆಗೆ ಹೋಗಿ ಸ್ಟೀಲಿನ ಪಾತ್ರೆ ಮಾರುತ್ತಿದ್ದರು. ಅವಳು ಒಬ್ಬಳೇ ಮಗಳು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳಾದ್ದರಿಂದ ನಾನು ಅಕ್ಕ ಎನ್ನುತ್ತಿದ್ದೆ. ಓಣಿಯ ಉಳಿದ ಮಕ್ಕಳಿಗೂ ಅವಳು ಅಕ್ಕನೇ.

ಅಕ್ಕ ಕೂತು ಓದಿದ್ದನ್ನು ನಾನು ಕಂಡವಳಲ್ಲ. ಮಾಳಿಗೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತ ಗಟ್ಟಿಯಾಗಿ ಓದುತ್ತಿದ್ದಳು. ಅಕ್ಕಿ ಗಿರಣಿಯ ಸದ್ದು ನಿಂತ ಹೊತ್ತಿನಲ್ಲಿ ಅವಳ ದನಿ ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಕೈಯ ಎಲುಬಿನ ಹೆಸರು, ಹೃದಯದ ಕವಾಟಗಳ ಹೆಸರು, ಕೂಸು ಹುಟ್ಟಿದ ಕೂಡಲೇ ಏನೇನು ಮಾಡಬೇಕು ಎನ್ನುವುದು... ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ನಮಗೂ ಅವು ಬಾಯಿಗೆ ಬಂದಿದ್ದವು. ಅರ್ಥ ಮಾತ್ರ ಗೊತ್ತಿರಲಿಲ್ಲ.

ಅವಳು ಸೇರಿದ್ದು ಒಂದು ಖಾಸಗಿ ನರ್ಸಿಂಗ್ ಕಾಲೇಜು. ಅದು ಎಲ್ಲಿತ್ತು, ಅದರ ಹೆಸರೇನು ಎಂದು ನಾನು ಬರೆಯುವುದಿಲ್ಲ. ಮೂರು ವರ್ಷದ ಡಿಪ್ಲೊಮಾ ಕೋರ್ಸು ಮುಗಿದಾಗ ಅವಳಿಗೆ ರ‍್ಯಾಂಕ್ ಬಂತು. ಪತ್ರಿಕೆಯಲ್ಲಿ ಫೋಟೊ ಹಾಕಿದರು. ಊರಿನ ಹಿರಿಯರು ಕರೆದು ಶಾಲು ಹೊದಿಸಿ, ಹಾರ ಹಾಕಿದರು. ಅವಳ ಅಪ್ಪ ಆ ವಾರ ಸಂತೆಗೆ ಹೋಗಲಿಲ್ಲ; ಬಂದವರಿಗೆಲ್ಲ ಪೇಢೆ ಕೊಡುತ್ತ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕನಿಗೆ ಶಿಗ್ಗಾಂವದಲ್ಲಿ ಹೆದ್ದಾರಿ ಪಕ್ಕದ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಹಿರೇಕೆರೂರಿನ ಕಡೆಯ ಒಂದು ಸಂಬಂಧವೂ ಕೂಡಿ ಬಂತು. ಹುಡುಗ ಬೀಜದ ಕಂಪನಿಯಲ್ಲಿದ್ದ. ಅವಳನ್ನು ನೋಡಿ ಒಪ್ಪಿ ಹೋದ.

ಒಂದು ದಿನ ಮಧ್ಯಾಹ್ನ ಅಕ್ಕ ಚೀಲ ಹೊತ್ತುಕೊಂಡು ಮನೆಗೆ ಬಂದಳು. ಮತ್ತೆ ಆ ಆಸ್ಪತ್ರೆಗೆ ಹೋಗಲಿಲ್ಲ.

ಏನಾಯಿತೆಂದು ಯಾರಿಗೂ ಹೇಳಲಿಲ್ಲ. ಮಾಳಿಗೆ ಹತ್ತುವುದನ್ನು ಬಿಟ್ಟಳು. ಗೋಡೆಯಾಚೆಯಿಂದ ಅವಳ ಅವ್ವನ ದನಿ ಮಾತ್ರ ಬರುತ್ತಿತ್ತು, ಮೊದಲು ಬೈದದ್ದು, ಆಮೇಲೆ ರಮಿಸಿದ್ದು, ಆಮೇಲೆ ಅತ್ತದ್ದು. ಹಿರೇಕೆರೂರಿನವರು ಮುಹೂರ್ತ ಕೇಳಲು ಬಂದಾಗ ಅಕ್ಕ ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಅವರು ಒಂದಿಷ್ಟು ಹೊತ್ತು ಕೂತು, ಚಹಾ ಅರ್ಧ ಬಿಟ್ಟು ಎದ್ದು ಹೋದರು. ಓಣಿಯ ಹೆಂಗಸರು ತಮಗೆ ತೋಚಿದ್ದನ್ನು ಆಡಿಕೊಂಡರು. ಒಬ್ಬರು ಯಾವನೋ ಡಾಕ್ಟರನ ಜೊತೆ ಅವಳ ಹೆಸರು ಹಚ್ಚಿದರು, ಇನ್ನೊಬ್ಬರು ಮಾಟ ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಹುಬ್ಬಳ್ಳಿಗೆ ಹೊರಟಳು. ದೊಡ್ಡ ಆಸ್ಪತ್ರೆಯೊಂದಕ್ಕೆ ಹೊಂದಿಕೊಂಡಿರುವ ಕಾಲೇಜಿನಲ್ಲಿ ನರ್ಸಿಂಗ್ ಪದವಿಗೆ ಸೇರಿದ್ದಳು. ಅದೂ ಮೊದಲ ವರ್ಷಕ್ಕೆ! ಡಿಪ್ಲೊಮಾ ಮಾಡಿದವರಿಗೆ ಎರಡೇ ವರ್ಷದಲ್ಲಿ ಪದವಿ ಮುಗಿಸುವ ದಾರಿ ಇದೆ. ಅದನ್ನು ಬಿಟ್ಟು, ಆಗತಾನೆ ಪಿಯುಸಿ ಮುಗಿಸಿ ಬಂದ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂರಲು ಹೋಗಿದ್ದಳು. ಅವಳ ಅಪ್ಪ ನಮ್ಮ ಕಟ್ಟೆಗೆ ಬಂದು ನಮ್ಮಪ್ಪನ ಮುಂದೆ ಹೇಳಿಕೊಂಡು ಅತ್ತರು.

"ರ‍್ಯಾಂಕ್ ಬಂದಾಕಿ, ಮತ್ತ ಅಆಇಈ ಕಲಿಯಾಕ ಹೊಂಟಾಳ್ರಿ. ಮಂದಿ ನಗಾಕತ್ತಾರ."

ನಮ್ಮವ್ವ ಒಮ್ಮೆ ಅಕ್ಕನನ್ನೇ ಕೇಳಿದಳು, ಎರಡು ವರ್ಷದ್ದಕ್ಕೆ ಯಾಕೆ ಹೋಗಲಿಲ್ಲ ಎಂದು. ನಾನು ಪಕ್ಕದಲ್ಲೇ ಇದ್ದೆ. ಅಕ್ಕ ನೆಲ ನೋಡುತ್ತ ಹೇಳಿದಳು: "ಅದಕ್ಕ ಹೋದ್ರ ಈಕಿಗೆ ಮೊದಲs ಬರತೈತಿ ಅಂತ ಬಿಟ್ಟುಬಿಡ್ತಾರ ಕಾಕೂ. ನನಗ ಏನೂ ಬರೂದಿಲ್ಲ."

ನಮ್ಮವ್ವನಿಗೆ ಆ ಮಾತು ಅರ್ಥವಾಗಲಿಲ್ಲ. ರ‍್ಯಾಂಕ್ ಬಂದವಳಿಗೆ ಬರುವುದಿಲ್ಲ ಎಂದರೇನು?

ಆ ವರ್ಷಗಳಲ್ಲಿ ಅಕ್ಕ ರಜೆಗೆ ಬಂದಾಗಲೆಲ್ಲ ಭಾನುವಾರ ಮನೆಯಲ್ಲಿ ಇರುತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ಹಾನಗಲ್ಲಿಗೆ ಹೋಗಿ, ಅಲ್ಲಿಂದ ತಡಸದ ಕಡೆಗೆ ಹೋಗುತ್ತಾಳೆ ಎಂದು ಯಾರೋ ಕಂಡಕ್ಟರ್ ಹೇಳಿದ್ದ. ದೇವರಿಗೆ ಹರಕೆ ಹೊತ್ತಿದ್ದಾಳೆ ಎಂದು ಅವಳ ಅವ್ವ ತಿಳಿದಿದ್ದಳು. 

ಪದವಿ ಮುಗಿಸಿ ಅವಳು ಸವಣೂರಿನಲ್ಲಿ ಕೆಲಸಕ್ಕೆ ಸೇರಿದಳು. ನನ್ನ ಪಿಯುಸಿ ಫಲಿತಾಂಶ ಬಂದದ್ದು ಆಮೇಲಿನ ಬೇಸಿಗೆಯಲ್ಲಿ. ನರ್ಸಿಂಗ್ ಮಾಡಬೇಕು ಎಂಬ ಆಸೆ ನನಗೆ ಎಲ್ಲಿಂದ ಬಂತೋ... ಆ ಮಾಳಿಗೆಯ ದನಿಯಿಂದಲೇ ಇರಬೇಕು. ಅಪ್ಪ ಬೇಡ ಎನ್ನಲಿಲ್ಲ. ಎಲ್ಲಿ ಎಂಬುದಷ್ಟೇ ಪ್ರಶ್ನೆ. ಹುಬ್ಬಳ್ಳಿಯ ಕಾಲೇಜಾದರೆ ಹಾಸ್ಟೆಲ್ಲು, ವಾರ್ಡಿನಲ್ಲಿ ದುಡಿತ, ರಾತ್ರಿ ಪಾಳಿ. ಅಪ್ಪನಿಗೆ ಅದು ಸರಿಬರಲಿಲ್ಲ. ಓದಲು ಕಳಿಸಿದ ಮಗಳು ಗಂಡಸರ ವಾರ್ಡಿನಲ್ಲಿ ಮಲಮೂತ್ರ ಬಳಿಯುವುದು ಯಾವ ಓದು ಎಂದು ಅವನ ವಾದ.

ಅದೇ ಹೊತ್ತಿಗೆ ಸವಣೂರಿನಿಂದ ಅಪ್ಪನ ಸೋದರತ್ತೆಯ ಮಗ ಬಂದ. ನಾನು ಅವನಿಗೆ ಮಾಮಾ ಎನ್ನುತ್ತಿದ್ದೆ. ಸವಣೂರಿನ ಖಾರಾ ತಿಂಡಿಯ ಪೊಟ್ಟಣ ಬಿಚ್ಚಿಟ್ಟು, ಪಕ್ಕದಲ್ಲಿ ಬಣ್ಣಬಣ್ಣದ ಒಂದು ಹಾಳೆ ಹರಡಿದ. ಅವನು ಕಾಲೇಜುಗಳಿಗೆ ಹುಡುಗರನ್ನು ಸೇರಿಸಿ ಕೊಡುವ ಕೆಲಸ ಹಿಡಿದಿದ್ದ. ಮಾತಿನಲ್ಲಿ ಜಾಣ.

"ಊರ ಮುಂದ ಬಸ್ ಬರತೈತಿ. ಹುಡುಗಿ ಮುಂಜಾನೆ ಹೋಗಿ ಸಂಜಿಕ ಮನೀಗೆ ಬರತಾಳ. ಹೊಲಸ ಕೆಲಸ ಇಲ್ಲ, ರಾತ್ರಿ ಡ್ಯೂಟಿ ಇಲ್ಲ. ಓದೂದು, ಬರಿಯೂದು, ಪಾಸಾಗೂದು. ಮತ್ತೇನ ಬೇಕಪಾ?"

ಹಾಳೆಯನ್ನು ಹೊರಳಿಸಿದಾಗ ಅಪ್ಪ ಬೆರಗಾದ. ಹಿಂಬದಿಯಲ್ಲಿ ಅಕ್ಕನ ಫೋಟೊ ಇತ್ತು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ಅದು ಅವಳು ರ‍್ಯಾಂಕ್ ಪಡೆದ ಕಾಲೇಜೇ! ಇನ್ನು ನೋಡುವುದೇನಿದೆ ಎಂದು ಅಪ್ಪನ ಮುಖ ಅರಳಿತು. ನನಗೂ ಖುಷಿಯಾಯಿತು. ಅಕ್ಕ ಓದಿದಲ್ಲಿ ನಾನೂ ಓದುತ್ತೇನೆ...

ಆ ಶನಿವಾರ ಅಕ್ಕ ಊರಿಗೆ ಬಂದಳು. ಸವಣೂರಿನ ಮಾಮಾ ಇನ್ನೂ ನಮ್ಮ ಮನೆಯಲ್ಲೇ ಇದ್ದ. ಅಪ್ಪ ಗೋಡೆಯ ಮೇಲಿನಿಂದಲೇ ಕೂಗಿ ಕರೆದ. ಅವಳು ಬಂದು ಪಡಸಾಲೆಯಲ್ಲಿ ಕೂತಳು. ಅಪ್ಪ ಹಾಳೆಯನ್ನು ಅವಳ ಕೈಗೆ ಕೊಟ್ಟು, "ಈಕಿನ್ನ ನಿನ್ನ ಕಾಲೇಜಿಗೇ ಹಾಕಾಕತ್ತೇನಿ ನೋಡವ್ವ" ಎಂದ.

ಅಕ್ಕ ತನ್ನ ಫೋಟೊವನ್ನು ಬಹಳ ಹೊತ್ತು ನೋಡಿದಳು.  ಹಾಳೆಯನ್ನು ನೆಲದ ಮೇಲೆ ಬೋರಲು ಹಾಕಿ, "ಕಾಕಾ, ನಾ ಅಲ್ಲಿ ಏನ ಕಲಿತೆ ಅಂತ ನಿಮಗ ಯಾರಿಗೂ ಹೇಳಿಲ್ಲ. ಕೇಳ್ರಿ" ಎಂದಳು.

ಅವಳು ಹೇಳಿದ್ದು ಇದು. ಆ ಕಾಲೇಜಿಗೆ ಆಸ್ಪತ್ರೆ ಇರಲಿಲ್ಲ. ಹೊರಗೆ ಬೋರ್ಡಿತ್ತು, ಒಳಗೆ ಹಾಸಿಗೆ ಹಾಕಿದ ಎರಡು ಕೋಣೆ ಇದ್ದವು, ರೋಗಿಗಳಿರಲಿಲ್ಲ. ತಪಾಸಣೆಗೆ ಬರುವವರ ದಿನ ಮೊದಲ ವರ್ಷದ ಹುಡುಗಿಯರನ್ನೇ ರೋಗಿಗಳ ಹಾಗೆ ಮಲಗಿಸಿ ಹೊದಿಸುತ್ತಿದ್ದರು. ಕೈಯಿಂದ ಮಾಡಿ ಕಲಿಯಬೇಕಾದದ್ದನ್ನೆಲ್ಲ ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆದುಕೊಂಡರೆ ಸಾಕಿತ್ತು. ಕೂಸಿನ ಗೊಂಬೆ ಒಂದಿತ್ತು, ಗಾಜಿನ ಕಪಾಟಿನೊಳಗೆ, ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ. ಹಾಳಾದೀತೆಂದು ಕೀಲಿ ಹಾಕಿದ್ದರು. ತಪಾಸಣೆಯ ದಿನ ಒಮ್ಮೆ ಕಪಾಟು ತೆರೆದಾಗ ಹುಡುಗಿಯರೆಲ್ಲ ಬಗ್ಗಿ ನೋಡಿದರಂತೆ. "ಹೊಸಾ ಚಪ್ಪಲಿ ವಾಸನಿ ಬಂತು. ಅಷ್ಟs ನನಗ ಗೊತ್ತಾಗಿದ್ದು" ಎಂದಳು.

ಅವಳಿಗೆ ಆಗ ಅದು ತಪ್ಪೆಂದೇ ಅನಿಸಿರಲಿಲ್ಲ. ಪರೀಕ್ಷೆಗೆ ಬೇಕಾದದ್ದೆಲ್ಲ ಬರುತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು.

ಶಿಗ್ಗಾಂವದ ಆಸ್ಪತ್ರೆಗೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ತಡಸದ ಹತ್ತಿರದ ಹಳ್ಳಿಯೊಂದರಿಂದ ಚೊಚ್ಚಲ ಹೆರಿಗೆಗೆ ಒಬ್ಬ ಹೆಂಗಸು ಬಂದಿದ್ದಳು. ಹೆಣ್ಣುಕೂಸು ಹುಟ್ಟಿತು. ಅಳಲಿಲ್ಲ. ತಾಯಿಗೆ ರಕ್ತ ಹೋಗತೊಡಗಿದ್ದರಿಂದ ಡಾಕ್ಟರಮ್ಮ ಅವಳನ್ನು ಬಿಟ್ಟು ಅಲ್ಲಾಡುವಂತಿರಲಿಲ್ಲ. ಹಿರಿಯ ಸಿಸ್ಟರ್ ರಕ್ತದ ಬಾಟಲಿ ತರಲು ಓಡಿದ್ದಳು. ಕೂಸಿನ ಬಳಿ ನಿಂತವಳು ಅಕ್ಕ ಒಬ್ಬಳೇ. "ಸಿಸ್ಟರ್, ಉಸುರು ಕೊಡ್ರಿ!" ಎಂದು ಡಾಕ್ಟರಮ್ಮ ಕೂಗಿದಳು.

ಕೂಸಿನ ಬಾಯಿ ಮೂಗಿಗೆ ಹಿಡಿದು ಗಾಳಿ ಒತ್ತುವ ರಬ್ಬರಿನ ಚೀಲವೊಂದಿರುತ್ತದೆ. ಅದನ್ನು ಹೇಗೆ ಹಿಡಿಯಬೇಕು, ತಲೆಯನ್ನು ಎಷ್ಟು ಹಿಂದಕ್ಕೆ ಬಾಗಿಸಬೇಕು, ಎದೆ ಏಳದಿದ್ದರೆ ಏನು ನೋಡಬೇಕು ಎಂಬುದೆಲ್ಲ ಅಕ್ಕನಿಗೆ ಬಾಯಿಪಾಠ. ಆ ಪ್ರಶ್ನೆಗೆ ಅವಳು ಪೂರ್ತಿ ಅಂಕ ತೆಗೆದಿದ್ದಳು. ಚೀಲವನ್ನು ಅವಳು ಕೈಯಲ್ಲಿ ಹಿಡಿದದ್ದು ಮಾತ್ರ ಅದೇ ಮೊದಲು. ಕೂಸಿನ ಮೈ ಜಾರುತ್ತಿತ್ತು. ಒತ್ತಿದ ಗಾಳಿ ಬದಿಯಿಂದ ಹೊರಗೆ ಹೋಗುತ್ತಿತ್ತು. ಎದೆ ಏಳಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಏಳಲಿಲ್ಲ. ಆಮೇಲೆ ಕೈಗಳು ನಿಂತುಬಿಟ್ಟವು. ಮನಸ್ಸಿನಲ್ಲಿ ಪುಸ್ತಕದ ಸಾಲುಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವಂತೆ, ಸ್ವಲ್ಪವೂ ತಪ್ಪದೆ... ಕೈಗಳು ಮಾತ್ರ ಬೇರೆ ಯಾರದೋ ಆಗಿದ್ದವಂತೆ.

ಹಿರಿಯ ಸಿಸ್ಟರ್ ಮರಳಿ ಬಂದು ಅವಳನ್ನು ಬದಿಗೆ ತಳ್ಳಿ ಚೀಲ ಕಸಿದುಕೊಂಡಳು. ಕೂಸು ಉಸಿರಾಡಿತು. ಬದುಕಿತು. ಆದರೆ ತಿಂಗಳುಗಳು ಕಳೆದರೂ ಅದರ ಕತ್ತು ನಿಲ್ಲಲಿಲ್ಲ.

 ಸವಣೂರಿನ ಮಾಮಾ, ದೇವರ ಇಚ್ಛಾ, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ ಎಂದು ಶುರುಮಾಡಿದ. ಅಕ್ಕ ಅವನತ್ತ ತಿರುಗಲೇ ಇಲ್ಲ.

"ಕಾಕಾ, ನಾಳೆ ಐತವಾರ. ನಾ ಆ ಮನೀಗೆ ಹೊಂಟೇನಿ. ನೀವೂ ಬರ್ರಿ, ತಂಗೀನ್ನೂ ಕರಕೊಂಡ ಬರ್ರಿ. ನೋಡಿದ ಮ್ಯಾಲೆ ಎಲ್ಲಿ ಹಾಕ್ತೀರೋ ಹಾಕ್ರಿ."

ಮರುದಿನ ನಾವು ಮೂವರೂ ಹೋದೆವು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ತಡಸದಲ್ಲಿ ಇಳಿದು, ಅಲ್ಲಿಂದ ಟೆಂಪೊ ಹತ್ತಿದೆವು. ದಾರಿಯುದ್ದಕ್ಕೂ ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಆ ಮನೆಯ ಪಡಸಾಲೆಯಲ್ಲಿ ಗೋವಿನಜೋಳದ ತೆನೆಗಳ ರಾಶಿ ಬಿದ್ದಿತ್ತು. ಅದರ ಪಕ್ಕದಲ್ಲಿ, ಬಟ್ಟೆಯ ಪಟ್ಟಿ ಬಿಗಿದ ಒಂದು ಕಟ್ಟಿಗೆಯ ಕುರ್ಚಿಯಲ್ಲಿ ಹುಡುಗಿಯನ್ನು ಕೂರಿಸಿದ್ದರು. ಶಾಲೆಗೆ ಹೋಗುವ ವಯಸ್ಸಿನವಳು. ಕತ್ತು ಹೆಗಲ ಮೇಲೆ ವಾಲಿತ್ತು, ಕಾಲುಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದವು. ಅಕ್ಕ ಹೊಸಿಲ ಆಚೆಯಿಂದ "ಏನ್ ಮಾಡಾಕತ್ತಿ ಚಿನ್ನಾ?" ಎಂದದ್ದೇ ತಡ, ಆ ಮುಖ ಇಡೀ ನಗುವಾಯಿತು. ಬಾಯಿಂದ ಒಂದು ಉದ್ದನೆಯ ದನಿ ಬಂತು. ಮಾತಲ್ಲ, ಬರೀ ದನಿ.

ಅಕ್ಕ ನೆಲದ ಮೇಲೆ ಕೂತು ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಕಾಲಿಗೆ ಎಣ್ಣೆ ತಿಕ್ಕಿ, ಮೀನಖಂಡವನ್ನು ಮೆಲ್ಲಗೆ ಎಳೆದು, ಹಿಮ್ಮಡಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕಾದು, ಮತ್ತೆ ಬಿಟ್ಟಳು. ಹುಬ್ಬಳ್ಳಿಯಲ್ಲಿ ಇದನ್ನು ಕಲಿಯಲೆಂದೇ ತನ್ನ ಪಾಳಿ ಮುಗಿದ ಮೇಲೂ ಬೇರೆ ವಿಭಾಗದಲ್ಲಿ ಹೋಗಿ ನಿಲ್ಲುತ್ತಿದ್ದಳೆಂದು ಆಮೇಲೆ ನನಗೆ ಗೊತ್ತಾಯಿತು.

ಹುಡುಗಿಯ ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾವು ಯಾರೆಂದು ಕೇಳಿದಳು. ಅಕ್ಕ ತಲೆಯೆತ್ತದೆ, "ಬಾಜೂಮನಿ ಕಾಕಾ. ಈಕಿ ಇವರ ಮಗಳು. ನರ್ಸಿಂಗ್ ಓದಾಕಿ" ಎಂದಳು.

ರೊಟ್ಟಿಯ ಸದ್ದು ನಿಂತಿತು.

"ಓದಲಿ. ಆದ್ರ ಈಕಿ ಹಂಗ ಓದೂದು ಬ್ಯಾಡ" ಎಂದಳು ತಾಯಿ. ಆಮೇಲೆ ಅಪ್ಪನ ಕಡೆ ತಿರುಗಿ, ದನಿಯೇರಿಸದೆ ಹೇಳಿದಳು: "ನಾ ಮಕ್ಕೊಂಡಲ್ಲೇ ನೋಡಾಕತ್ತಿದ್ದೆರಿ. ನನ್ನ ಕೂಸು ಅಳವಲ್ದಾಗಿತ್ತು, ಈಕಿ ಕಟಗಿ ಆಗಿ ನಿಂತಿದ್ಲು. ಆಮ್ಯಾಲೆ ತಾನs ಹುಡುಕಿಕೊಂಡು ಬಂದು, ನನಗ ಬರತಿದ್ದಿಲ್ಲ ಅಂತ ಹೇಳಿದ್ಲು. ಮಾರಿ ಮ್ಯಾಲೆ ಬಾಗಲಾ ಹಾಕಿದೆ. ಮತ್ತ ಬಂದ್ಲು. ಬೈದು ಕಳಿಸಿದೆ, ಮತ್ತೂ ಬಂದ್ಲು. ಮಗಳ ಕಾಲಿಗೆ ಈಕಿ ಕೈ ಹತ್ತೇತಿ, ಅದಕ್ಕ ಒಳಗ ಬಿಡತೇನಿ. ಮರತೇನಿ ಅಂತ ಅಲ್ಲ."

 ಅಕ್ಕನ ಕೈ ಕೆಲಸ ಬಿಡಲಿಲ್ಲ. ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಆಮೇಲೆ ಆ ತಾಯಿಯೇ ಮೂರು ತಾಟು ಹಾಕಿ ನಮಗೆಲ್ಲ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅಕ್ಕನ ತಾಟಿಗೂ ಬಡಿಸಿದಳು. ಅಕ್ಕ ತಲೆ ತಗ್ಗಿಸಿ ಉಂಡಳು.

ತಿರುಗಿ ಬರುವಾಗ ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅಪ್ಪ ಅಕ್ಕನ ಕಡೆ ತಿರುಗಿದ. "ಹುಬ್ಬಳ್ಳಿಗೇ ಕಳಸ್ತೇನವ್ವ" ಎಂದ. 

ಸೇರಿಸುವ ಮುಂಚೆ ಅಕ್ಕ ನನ್ನನ್ನು ಹುಬ್ಬಳ್ಳಿಯ ಕಾಲೇಜಿಗೆ ಒಮ್ಮೆ ಕರೆದುಕೊಂಡು ಹೋದಳು. ಅದು ಅವಳೇ ಓದಿದ ಜಾಗ, ಆದರೂ ಆಫೀಸಿನ ಕಡೆ ಹೋಗದೆ ನೇರ ವಾರ್ಡಿಗೆ ನಡೆದಳು. ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿದ್ದ ರೋಗಿಗಳು, ಫಿನೈಲು, ನರಳಾಟ... ನನಗೆ ತಲೆ ತಿರುಗಿತು. ನನ್ನಷ್ಟೇ ವಯಸ್ಸಿನ ಒಬ್ಬ ಹುಡುಗಿ ಮುದುಕನೊಬ್ಬನ ಬೆನ್ನಿನ ಹುಣ್ಣು ತೊಳೆಯುತ್ತಿದ್ದಳು. ಪಕ್ಕದಲ್ಲಿ ನಿಂತ ಟೀಚರ್ ಅವಳಿಗೆ, ಈ ಹುಣ್ಣು ಯಾಕಾಯಿತು ಹೇಳು ಎಂದು ಕೇಳುತ್ತಿದ್ದರು. ಹುಡುಗಿ ತೊಳೆಯುತ್ತಲೇ ಉತ್ತರ ಹೇಳುತ್ತಿದ್ದಳು. ಅಕ್ಕ ನನ್ನ ರಟ್ಟೆ ಹಿಡಿದು, "ಹಿಂಗ ಇರಬೇಕು ನೋಡು" ಎಂದಳು. ಅಷ್ಟೇ.

ನಾನು ಆ ಮಾತನ್ನು ಅರ್ಧ ತಿಳಿದುಕೊಂಡೆ. ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ನನ್ನ ಕೈ ಪಳಗಿತ್ತು. ಸೂಜಿ ಚುಚ್ಚಿದರೆ ರೋಗಿಗೆ ಗೊತ್ತೇ ಆಗುವುದಿಲ್ಲ ಎಂದು ಹೆಸರು ಪಡೆದಿದ್ದೆ. ಪುಸ್ತಕ ಯಾರಿಗೆ ಬೇಕು ಎಂಬ ಸೊಕ್ಕು ಬಂದಿತ್ತು. ರಜೆಯಲ್ಲಿ ಅಕ್ಕನ ಮುಂದೆ ಹಾಗೆಂದಾಗ ಅವಳು ಸಿಟ್ಟಾದಳು. ನಾನು ಕಂಡ ಅವಳ ಸಿಟ್ಟು ಅದೊಂದೇ.

"ಬರೇ ಕೈ ಕಲಿತ್ರ, ನಾಳೆ ಕಾಣದ ರೋಗ ಬಂದಾಗ ನೀನೂ ನಿಂತುಬಿಡ್ತಿ. ಯಾಕ ಅನ್ನೂದು ಗೊತ್ತಿಲ್ಲದ ಕೈ, ಹ್ಯಾಂಗ ಅನ್ನೂದು ಗೊತ್ತಿಲ್ಲದ ತಲಿ, ಎರಡರಲ್ಲೂ ಕೂಸು ಉಳಿಯೂದಿಲ್ಲ. ನಾ ಓದಿದ್ದು ತಪ್ಪಲ್ಲ, ತಂಗಿ. ಬರೇ ಓದಿದ್ದು ತಪ್ಪು."

ಆ ಹುಡುಗಿಯ ಸ್ಥಿತಿಗೆ ಅಕ್ಕನೇ ಕಾರಣವೋ ಅಲ್ಲವೋ, ಅದು ಇವತ್ತಿಗೂ ನನಗೆ ಗೊತ್ತಿಲ್ಲ. ಹುಬ್ಬಳ್ಳಿಯ ಮಕ್ಕಳ ಡಾಕ್ಟರರೊಬ್ಬರು, ಹೊಟ್ಟೆಯಲ್ಲಿದ್ದಾಗಲೇ ಪೆಟ್ಟು ಬಿದ್ದಿರಲೂಬಹುದು, ಹೀಗೇ ಎಂದು ಹೇಳಲು ಬರುವುದಿಲ್ಲ ಎಂದಿದ್ದರಂತೆ. ನಾನು ಅದನ್ನೇ ಹಿಡಿದು ಅವಳಿಗೆ ಸಮಾಧಾನ ಹೇಳಲು ಹೋದೆ. "ಇರಬಹುದು. ಆದ್ರ ನನ್ನ ಕೈ ನಡೀಲಿಲ್ಲ ಅನ್ನೂದು ಖರೇ ಐತಲ್ಲ" ಎಂದು ಅವಳು ಮಾತು ಮುರಿದಳು.

ಅವಳಿಗೆ ಒಂದು ಆಸೆಯಿತ್ತು. ಎಂ.ಎಸ್ಸಿ. ಮಾಡಿ ನರ್ಸಿಂಗ್ ಹುಡುಗಿಯರಿಗೆ ಟೀಚರ್ ಆಗಬೇಕು, ಮೊದಲ ದಿನವೇ ಅವರನ್ನು ವಾರ್ಡಿಗೆ ಕರೆದುಕೊಂಡು ಹೋಗಬೇಕು ಎಂದು. ಮದುವೆಯ ಮಾತನ್ನು ಮನೆಯವರು ಆಗಲೇ ಕೈಬಿಟ್ಟಿದ್ದರು. ನಾನು ಕೊನೆಯ ವರ್ಷದಲ್ಲಿದ್ದಾಗ ಅವಳಿಗೆ ಸೀಟು ಸಿಕ್ಕಿತು. ಫೋನಿನಲ್ಲಿ ಅವಳ ದನಿಯಲ್ಲಿ ಮತ್ತೆ ಆ ಮಾಳಿಗೆಯ ಹುರುಪು ಕೇಳಿದ ಹಾಗಾಯಿತು.

ಅದು ಮಳೆಗಾಲ. ಸವಣೂರಿನಲ್ಲಿ ಡೆಂಗ್ಯೂ ಹಬ್ಬಿತ್ತು. ವಾರ್ಡು ತುಂಬಿ ಹೋಗಿತ್ತಾದ್ದರಿಂದ ಅಕ್ಕ ಬಿಡುವಿನ ದಿನವೂ ಕೆಲಸಕ್ಕೆ ಹೋಗುತ್ತಿದ್ದಳು. ಜ್ವರ ಬಂದಾಗ ಗುಳಿಗೆ ನುಂಗಿಯೇ ಪಾಳಿಗೆ ಹೋದಳಂತೆ. ಹುಬ್ಬಳ್ಳಿಗೆ ಕರೆತರುವ ಹೊತ್ತಿಗೆ ಒಳಗೇ ರಕ್ತಸ್ರಾವ ಆಗಿತ್ತು. ನಾನು ಆಗ ಅದೇ ಊರಿನಲ್ಲಿ, ಬೇರೆ ಆಸ್ಪತ್ರೆಯಲ್ಲಿ. ಓಡಿದೆ. ಅವಳು ನನ್ನ ಗುರುತು ಹಿಡಿದಳು. ತುಟಿ ಒಣಗಿತ್ತು. ಏನೋ ಹೇಳಲು ನೋಡಿದಳು, ಕೇಳಿಸಲಿಲ್ಲ. ಕಿವಿ ಹತ್ತಿರ ತಂದರೂ ಕೇಳಿಸಲಿಲ್ಲ... ಅವಳು ಹೇಗೆ ಹೋದಳು ಎಂಬುದನ್ನು ಬರೆಯಲು ನನಗೆ ಆಗದು. ಸಂಜೆಯ ಹೊತ್ತಿಗೆ ಹೋದಳು.

ಮಣ್ಣಾದ ಮೇಲೆ, ಒಂದು ಭಾನುವಾರ ನಾನು ತಡಸದ ಬಸ್ಸು ಹತ್ತಿದೆ. ಆ ಮನೆಯವರಿಗೆ ತಿಳಿಸುವವರು ಬೇರೆ ಯಾರೂ ಇರಲಿಲ್ಲ. ನಾನು ಒಬ್ಬಳೇ ಬಂದದ್ದನ್ನು ನೋಡಿ ತಾಯಿ ಬಾಗಿಲಲ್ಲೇ ನಿಂತಳು. ಹೇಳಿದೆ. ಅವಳು ಅಳಲಿಲ್ಲ. ಮಗಳ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿ ಇಟ್ಟಿದ್ದಳು. ಎರಡು ಭಾನುವಾರದಿಂದ ಹಾಗೇ ಇಟ್ಟಿದ್ದಳಂತೆ. ಈಗ ಅದನ್ನು ಎತ್ತಿ ಒಳಗೆ ತಿರುಗಿಸಿದಳು. ಆಮೇಲೆ ಗೋಡೆಗೆ ಒರಗಿ ಕೂತು, ಸೆರಗಿನ ತುದಿಯನ್ನು ಹಿಂಡುತ್ತ ಹೇಳಿದಳು.

"ಆಕಿಗೆ ನಾ ಒಂದ ಮಾತ ಹೇಳೂದಿತ್ತು. ಮುಂದಿನ ವಾರ ಹೇಳಿದ್ರಾತು ಅಂತ... ವಾರಾ ವಾರಾ ಹಂಗs ಅನಕೊಂತ ಬಂದೆ."

ಯಾವ ಮಾತು ಎಂದು ನಾನು ಕೇಳಲಿಲ್ಲ. ಹುಡುಗಿಯ ಕಾಲಿಗೆ ಎಣ್ಣೆ ತಿಕ್ಕಿದೆ. ನನ್ನ ಕೈ ಗುರುತಿಲ್ಲದೆ ಅವಳು ಅತ್ತಳು.

ಕೆಲವು ವರ್ಷ ಆಗಾಗ ಹೋಗುತ್ತಿದ್ದೆ. ಹಿರೇಕೆರೂರಿಗೆ ಕೆಲಸಕ್ಕೆ ಬಂದ ಮೇಲೆ ದೂರವಾಯಿತು. ಹುಡುಗಿ ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ತೀರಿಕೊಂಡಳೆಂದು ಆಮೇಲೆ ಸುದ್ದಿ ಬಂತು. ಅಕ್ಕನ ಅಪ್ಪ ಅವ್ವ ಅಕ್ಕಿಆಲೂರಿನ ಮನೆ ಮಾರಿ ಅವ್ವನ ತಮ್ಮನ ಊರಿಗೆ ಹೋದರು. ನಮ್ಮ ಗೋಡೆಯಾಚೆ ಈಗ ಬೇರೆ ಯಾರೋ ಇದ್ದಾರೆ. ಅಕ್ಕನಿಗೆ ರ‍್ಯಾಂಕ್ ಬಂದ ಆ ಕಾಲೇಜು ಇನ್ನೂ ನಡೆಯುತ್ತಿದೆ ಎನ್ನುತ್ತಾರೆ.

ಫಲಿತಾಂಶದ ದಿನಗಳಲ್ಲಿ ನನ್ನ ಬಳಿಯೂ ಮಂದಿ ಕೇಳಲು ಬರುತ್ತಾರೆ, ಮಗಳನ್ನು ಎಲ್ಲಿ ಸೇರಿಸಲಿ ಎಂದು. ಕಟ್ಟಡ ನೋಡಬೇಡಿ, ವಾರ್ಡು ನೋಡಿ. ಅಲ್ಲಿ ಹುಡುಗಿಯರು ಕೈಯಿಂದ ಏನು ಮಾಡುತ್ತಿದ್ದಾರೆ, ಅವರಿಗೆ ಯಾರು ಏನು ಕೇಳುತ್ತಿದ್ದಾರೆ ನೋಡಿ ಎನ್ನುತ್ತೇನೆ. ಕೆಲವರು ಕೇಳುತ್ತಾರೆ. ಮೊನ್ನೆ ಸಂಜೆ ಒಬ್ಬ ತಂದೆ ಮಗಳ ಜೊತೆ ಬಂದಿದ್ದ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಕೊನೆಗೆ ಎದ್ದು, "ಹತ್ತರದಾಗ ಒಂದು ಐತ್ರಿ. ಮನೀಗೆ ಬಸ್ ಬರತೈತಿ, ಹುಡುಗೀಗೆ ತ್ರಾಸಿಲ್ಲ" ಎಂದ. ಹುಡುಗಿ ನಗುತ್ತ ನನ್ನ ಕಾಲಿಗೆ ಬಿದ್ದಳು.

ನಾನು ಇನ್ನೊಂದು ಸಲ ಹೇಳಲು ನೋಡಿದೆ. ಮಾತುಗಳೆಲ್ಲ ಸರಿಯಾಗೇ ಇದ್ದವು, ಆದರೆ ಅವು ಅವನವರೆಗೆ ತಲುಪಲಿಲ್ಲ. ಅಕ್ಕ ಇದ್ದಿದ್ದರೆ ಮಾತು ಬೆಳೆಸುತ್ತಿರಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಅವನನ್ನು ಕರೆದುಕೊಂಡೇ ಹೊರಡುತ್ತಿದ್ದಳು. ನಾನು ಕರೆದುಕೊಂಡು ಹೋಗಿ ತೋರಿಸಲು ತಡಸದ ಬಳಿಯ ಆ ಹುಡುಗಿಯೂ ಉಳಿದಿಲ್ಲ. ಬಾಗಿಲವರೆಗೆ ಹೋಗಿ ನಿಂತೆ. ಅಪ್ಪ ಮಗಳು ಗೇಟು ದಾಟಿ ರಸ್ತೆಗೆ ಇಳಿದರು. ಅವಳು ಏನೋ ಹೇಳಿದಳು, ಅವನು ನಕ್ಕ.